ಅಟ್ಟದಲ್ಲಿ ಗ್ಯಾಸ್ ಫರ್ನೇಸ್ ಇದ್ದರೆ ಅದರ ಮೇಲೆ ಸ್ಪ್ರಿಂಕ್ಲರ್ ಬೇಕಾ? ಇಬ್ಬರು ಎರಡು ಥರ ಹೇಳುತ್ತಿದ್ದಾರೆ

ಟ್ರೇಸಿ ಮನೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಟ್ರೇಸಿ ಹತ್ತಿರ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಮರದ ಫ್ರೇಮಿಂಗ್ ಮುಗಿದಿದೆ. ಮುಂದಿನ ವಾರ ಡ್ರೈವಾಲ್ (ಗೋಡೆಗೆ ಹೊಡೆಯುವ ಹಲಗೆ) ಶುರುವಾಗಬೇಕಿತ್ತು. ಅಷ್ಟರಲ್ಲಿ ಸ್ಪ್ರಿಂಕ್ಲರ್ ಡ್ರಾಯಿಂಗ್ ಪ್ಲ್ಯಾನ್ ಚೆಕ್‌ನಿಂದ (ಡ್ರಾಯಿಂಗ್ ಪರಿಶೀಲಿಸುವ ಕಚೇರಿಯಿಂದ) ವಾಪಸ್ ಬಂತು. ಬರೆದದ್ದು ಒಂದೇ ಸಾಲು: ಅಟ್ಟದಲ್ಲಿರುವ ಫರ್ನೇಸ್‌ಗೆ ಒಂದು ಸ್ಪ್ರಿಂಕ್ಲರ್ ಹೆಡ್ ತೋರಿಸಿ. (ಫರ್ನೇಸ್ ಅಂದರೆ ಮನೆ ಬೆಚ್ಚಗಿಡುವ ಯಂತ್ರ, ಹೆಡ್ ಅಂದರೆ ಬೆಂಕಿ ಬಿದ್ದಾಗ ನೀರು ಚಿಮ್ಮುವ ಮೂತಿ.)

ನಮ್ಮ ಸ್ಪ್ರಿಂಕ್ಲರ್ ಕಂಟ್ರಾಕ್ಟರ್ ಖಡಾಖಂಡಿತವಾಗಿ ಬೇಡ ಅನ್ನುತ್ತಾರೆ. "ಮನೆಗಳಿಗೆ ಎನ್‌ಎಫ್‌ಪಿಎ 13ಡಿ (ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ನಿಯಮ ಪುಸ್ತಕ) ಅನ್ವಯ. ಅದರಲ್ಲಿ ಅಟ್ಟಕ್ಕೆ ವಿನಾಯಿತಿ ಇದೆ. ನಾನು ಎಷ್ಟೋ ಮನೆ ಮಾಡಿದ್ದೇನೆ" ಅಂತ. ಪ್ಲ್ಯಾನ್ ಚೆಕ್ ಮಾಡುವವರು ಬೇಕೇ ಬೇಕು ಅನ್ನುತ್ತಾರೆ. ಇಬ್ಬರೂ ಅನುಭವಸ್ಥರೇ. ನನಗೆ ನಡುವೆ ನಿಂತು ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ದುಡ್ಡಿನ ವಿಷಯ ಆಮೇಲೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ವರ್ಷಕ್ಕೆ ಆರು ತಿಂಗಳು ಅತ್ತೆ ಮಾವ ಬಂದು ಇರುತ್ತಾರೆ. ನಿಜವಾಗಿ ಯಾವುದು ಸರಿ ಅಂತ ತಿಳಿಯಬೇಕು. ಈ ಕೆಲಸ ಬಲ್ಲವರು ಯಾರಾದರೂ ಇದ್ದೀರಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ನಮಸ್ಕಾರ ಮೇಡಂ. ನನ್ನ ದಿನದ ಕೆಲಸವೇ ಇದು. ಮೊದಲು ಒಂದು ಮಾತು: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಪುಸ್ತಕ ಓದುತ್ತಿರಬಹುದು.

ಕ್ಯಾಲಿಫೋರ್ನಿಯಾದಲ್ಲಿ 2011ರ ಜನವರಿ 1ರಿಂದ ಹೊಸದಾಗಿ ಕಟ್ಟುವ ಮನೆಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ. ಆದರೆ ಅದನ್ನು ಡಿಸೈನ್ ಮಾಡಲು ರಾಜ್ಯದ ರೆಸಿಡೆನ್ಶಿಯಲ್ ಕೋಡ್ ಎರಡು ದಾರಿ ಕೊಡುತ್ತದೆ. ಒಂದು, ಎನ್‌ಎಫ್‌ಪಿಎ 13ಡಿ. ಇನ್ನೊಂದು, ಆ ಕೋಡ್‌ನೊಳಗೇ ಬರೆದಿರುವ, 2022ರ ಆವೃತ್ತಿಯಲ್ಲಿ ಆರ್313.3 ಅನ್ನುವ ಸೆಕ್ಷನ್. ಬೇರೆ ರಾಜ್ಯಗಳಲ್ಲಿ ಐಆರ್‌ಸಿಯ (ರಾಜ್ಯಗಳು ಆಧಾರವಾಗಿ ಇಟ್ಟುಕೊಳ್ಳುವ ಮಾದರಿ ಮನೆ ಕೋಡ್) ಪಿ2904 ಅಂತ ಇರುವುದೂ ಹೆಚ್ಚುಕಡಿಮೆ ಇದೇ. ಎರಡೂ ಸಮಾನ ಅಂತ ಕೋಡ್ ಹೇಳುತ್ತದೆ. ಆದರೆ ಅಟ್ಟದ ವಿಷಯಕ್ಕೆ ಬಂದಾಗ ಎರಡರ ಮಾತು ಒಂದೇ ಅಲ್ಲ.

ಆರ್313.3 ಹೇಳುವುದು ನೇರವಾಗಿದೆ. ಅಟ್ಟ, ನೆಲದಡಿಯ ಕ್ರಾಲ್ ಸ್ಪೇಸ್, ಇಂಥ ಜಾಗದಲ್ಲಿ ಇಂಧನ ಉರಿಸುವ ಉಪಕರಣ ಇಲ್ಲದಿದ್ದರೆ ಸ್ಪ್ರಿಂಕ್ಲರ್ ಬೇಡ. ಇದ್ದರೆ ಆ ಉಪಕರಣದ ಮೇಲೆ ಒಂದು ಹೆಡ್ ಬೇಕು. ಉಳಿದ ಅಟ್ಟಕ್ಕೆ ಬೇಡ.

13ಡಿ ಹೀಗಲ್ಲ. ಅದರ ಈಚಿನ ಆವೃತ್ತಿಗಳು ಉಪಕರಣ ಎಲ್ಲಿದೆ ಅಂತ ಕೇಳುತ್ತವೆ. ಮನೆಯಲ್ಲಿ ಜನ ವಾಸಿಸುವ ಎಲ್ಲ ಜಾಗಗಳಿಗಿಂತ ಮೇಲೆ ಇದ್ದರೆ ಹೆಡ್ ಬೇಡ. ವಾಸದ ಜಾಗದ ಮಟ್ಟದಲ್ಲೇ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಕನಿಷ್ಠ ಒಂದು ಹೆಡ್ ಬೇಕು.

ಹಾಗಾಗಿ ಮೂರು ವಿಷಯ ತಿಳಿಸಿ. ಡ್ರಾಯಿಂಗ್‌ನ ಮೊದಲ ಹಾಳೆಯಲ್ಲಿ ಯಾವ ದಾರಿ ಅಂತ ಬರೆದಿದ್ದಾರೆ? ಫರ್ನೇಸ್ ಗ್ಯಾಸಿನದ್ದಾ, ಕರೆಂಟಿನದ್ದಾ? ಮನೆಯ ಯಾವ ಭಾಗದ ಅಟ್ಟದಲ್ಲಿದೆ?

ಸ್ಯಾನ್ ರಮೋನ್ ನಿವಾಸಿ

ನಮ್ಮ ಮನೆ 2016ರದ್ದು. ಗ್ಯಾಸ್ ಫರ್ನೇಸ್ ಅಟ್ಟದಲ್ಲೇ ಇದೆ. ಮೇಲೆ ಯಾವ ಹೆಡ್ಡೂ ಇಲ್ಲ. ಫೈನಲ್ ಇನ್‌ಸ್ಪೆಕ್ಷನ್ ಒಂದೇ ಸಲಕ್ಕೆ ಪಾಸಾಯಿತು. ನಿಮ್ಮ ಕಂಟ್ರಾಕ್ಟರ್ ಹೇಳುವುದೇ ಸರಿ ಅನ್ನಿಸುತ್ತದೆ. ಸುಮ್ನೆ ಒಂದು ಹೆಡ್‌ಗೋಸ್ಕರ ಕೆಲಸ ನಿಲ್ಲಿಸಬೇಡಿ, ಗಟ್ಟಿಯಾಗಿ ಕೇಳಿ ನೋಡಿ.

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಸರ್, ನಿಮ್ಮ ಮನೆಯಲ್ಲಿ ಫರ್ನೇಸ್ ಮೇಲಿನ ಬೆಡ್‌ರೂಮುಗಳ ಸೀಲಿಂಗ್‌ಗಿಂತ ಮೇಲೆ ಇರಬೇಕು, ಹಾಲ್‌ನಿಂದ ಮಡಿಸುವ ಏಣಿ ಎಳೆದು ಹತ್ತುವ ಥರ. ಆಗ 13ಡಿ ಪ್ರಕಾರ ಅದು ಸರಿಯಾಗಿಯೇ ಪಾಸಾಗಿದೆ. ಅದೇ ಉತ್ತರ ಪಕ್ಕದ ಮನೆಗೆ ಹೊಂದುತ್ತದೆ ಅಂತ ಹೇಳಲಾಗದು. ಇನ್ನೊಂದು ವಿಷಯವೂ ಇದೆ. ಕ್ಯಾಲಿಫೋರ್ನಿಯಾದ ಊರುಗಳು ತಮ್ಮ ಹವಾಮಾನ, ಭೂಮಿಯ ಸ್ಥಿತಿ ಕಾರಣ ಕೊಟ್ಟು ರಾಜ್ಯದ ಕೋಡ್‌ಗಿಂತ ಬಿಗಿಯಾದ ನಿಯಮ ಮಾಡಿಕೊಂಡಿರಬಹುದು. ಒಂದು ಊರಲ್ಲಿ ನಡೆದದ್ದು ಇನ್ನೊಂದು ಊರಲ್ಲಿ ನಡೆಯದೇ ಇರಬಹುದು.

ಡಾಲಸ್ ಟೌನ್‌ಹೌಸ್

ನಾನು ಈ ಕೆಲಸದವನಲ್ಲ. ಆದರೆ ಅಟ್ಟದ ಪೈಪ್ ಬಗ್ಗೆ ನಮ್ಮ ಅನುಭವ ಹೇಳಲೇಬೇಕು.

ಟೆಕ್ಸಸ್‌ನಲ್ಲಿ ನೆಲಮಾಳಿಗೆ ಅಪರೂಪ. ಫರ್ನೇಸ್, ವಾಟರ್ ಹೀಟರ್ ಎಲ್ಲಾ ಅಟ್ಟಕ್ಕೇ ಹೋಗುತ್ತವೆ. ಒಂಟಿ ಮನೆಗಳಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು ಅಂತ ಊರುಗಳು ಹೇಳಬಾರದು ಎಂದು ಇಲ್ಲಿ ರಾಜ್ಯದ ಕಾನೂನೇ ಇದೆ. ನಮ್ಮದು ಟೌನ್‌ಹೌಸ್ (ಸಾಲಾಗಿ ಅಂಟಿಕೊಂಡ ಮನೆಗಳಲ್ಲಿ ಒಂದು), ಹಾಗಾಗಿ ಸ್ಪ್ರಿಂಕ್ಲರ್ ಇತ್ತು. 2021ರ ಫೆಬ್ರವರಿಯ ಆ ಚಳಿ ನೆನಪಿದೆ ಅಲ್ವಾ? ಎರಡು ದಿನ ಕರೆಂಟ್ ಇಲ್ಲ. ಮೂರನೇ ದಿನ ಬಿಸಿಲು ಬಂತು, ಎಲ್ಲರೂ ಉಸಿರುಬಿಟ್ಟೆವು. ಅವತ್ತೇ ಮಧ್ಯಾಹ್ನ ಮೇಲಿನ ಬೆಡ್‌ರೂಮಿನ ಸೀಲಿಂಗ್ ಉಬ್ಬಿತು. ಹತ್ತು ನಿಮಿಷದಲ್ಲಿ ಕೆಳಗೆ ಬಿತ್ತು. ಹಾಸಿಗೆ, ಮಗಳ ಪುಸ್ತಕ, ಅವಳ ವೀಣೆ, ಎಲ್ಲಾ ನೀರು. ಅಟ್ಟದಲ್ಲಿ ಒಂದೇ ಒಂದು ಹೆಡ್‌ಗೆ ಹೋಗುವ ಪೈಪ್ ಇನ್ಸುಲೇಶನ್ (ಚಳಿ, ಸೆಕೆ ತಡೆಯುವ ಹಾಸು) ಮೇಲೆ ಬರಿಮೈಯಲ್ಲಿ ಮಲಗಿತ್ತು. ಅಲ್ಲಿ ಹೆಪ್ಪುಗಟ್ಟಿ ಒಡೆದಿತ್ತು.

ಹೆಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಪೈಪ್ ಎಲ್ಲಿಂದ ಬರುತ್ತದೆ ಅಂತ ಕೇಳಿ ಅಷ್ಟೇ. ನಾವು ಮನೆ ತಗೊಳ್ಳುವಾಗ ಕೇಳಲಿಲ್ಲ.

ಟ್ರೇಸಿ ಮನೆ

ಡಾಲಸ್ ಅಣ್ಣ, ಓದಿ ತುಂಬಾ ಬೇಜಾರಾಯಿತು. ವೀಣೆ ಸರಿಯಾಯಿತಾ?

ಡಿಸೈನರ್ ಸರ್, ಮೊದಲ ಹಾಳೆಯಲ್ಲಿ "ಎನ್‌ಎಫ್‌ಪಿಎ 13ಡಿ" ಅಂತಲೇ ಇದೆ. ಆರ್313.3 ಎಲ್ಲೂ ಕಾಣಲಿಲ್ಲ. ಫರ್ನೇಸ್ ಗ್ಯಾಸಿನದ್ದು. ಇನ್ನು ಜಾಗ: ಗ್ಯಾರೇಜ್ ಒಂದೇ ಅಂತಸ್ತು, ಮನೆಯ ಪಕ್ಕಕ್ಕೆ ಚಾಚಿಕೊಂಡಿದೆ. ಅದರ ಮೇಲಿನ ಇಳಿಜಾರು ಚಾವಣಿಯ ಕೆಳಗೆ ಫರ್ನೇಸ್ ಇದೆ. ಏಣಿ ಇಲ್ಲ. ಮಹಡಿಯಲ್ಲಿ ದೊಡ್ಡ ಮಗನ ರೂಮಿನ ಪಕ್ಕದ ಪ್ಯಾಸೇಜಿನ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲಿದೆ. ಅದನ್ನು ತೆಗೆದು ಬಗ್ಗಿ ಒಳಗೆ ಹೋಗಬೇಕು. ಸರ್ವಿಸ್ ಮಾಡಲು ಸುಲಭ ಅಂತ ಆರ್ಕಿಟೆಕ್ಟ್ ಹಾಗೆ ಇಟ್ಟರು.

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಮೇಡಂ, ಆ ಚಿಕ್ಕ ಬಾಗಿಲೇ ಉತ್ತರ.

ಗೋಡೆಯ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅಂದರೆ ಆ ಅಟ್ಟದ ನೆಲ ಮಹಡಿಯ ನೆಲದ ಮಟ್ಟದಲ್ಲಿದೆ. ಹೆಸರಿಗೆ ಅದು ಅಟ್ಟ. ಆದರೆ ಫರ್ನೇಸ್ ನಿಮ್ಮ ಮಗನ ರೂಮಿನ ಮೇಲಿಲ್ಲ, ಪಕ್ಕದಲ್ಲಿದೆ. ಅದು ಎಲ್ಲ ವಾಸದ ಜಾಗಗಳಿಗಿಂತ ಮೇಲಿರುವ ಉಪಕರಣ ಅಲ್ಲ. ಹಾಗಾಗಿ 13ಡಿ ದಾರಿಯಲ್ಲೂ ಒಂದು ಹೆಡ್ ಬೇಕೇ ಬೇಕು. ಆರ್313.3 ದಾರಿಯಲ್ಲಂತೂ ಹೇಗಿದ್ದರೂ ಬೇಕು. ಪ್ಲ್ಯಾನ್ ಚೆಕ್‌ನವರು ಸರಿ.

ನಿಮ್ಮ ಕಂಟ್ರಾಕ್ಟರ್ ಯಾಕೆ ತಪ್ಪಿದರು ಅಂತ ಊಹಿಸಬಲ್ಲೆ. "ಅಟ್ಟ" ಅನ್ನುವ ಪದ ನೋಡಿದ್ದಾರೆ, ಮನೆಯ ಅಡ್ಡ ಸೀಳು ಚಿತ್ರ ನೋಡಿಲ್ಲ. ಮೇಲಿನಿಂದ ನೋಡುವ ಪ್ಲ್ಯಾನ್‌ನಲ್ಲಿ ಎರಡು ಥರದ ಅಟ್ಟವೂ ಒಂದೇ ಥರ ಕಾಣುತ್ತವೆ. ನಾನೂ ಈ ಕೆಲಸ ಶುರುಮಾಡಿದ ವರ್ಷಗಳಲ್ಲಿ ಹೀಗೆ ತಪ್ಪು ಮಾಡಿದ್ದೇನೆ. ಇವತ್ತಿಗೂ ಹೊಸ ಡ್ರಾಯಿಂಗ್ ಬಂದರೆ ಮೊದಲು ಸೆಕ್ಷನ್, ಅಂದರೆ ಈ ಸೀಳು ಚಿತ್ರದ ಹಾಳೆ ತೆಗೆಯುತ್ತೇನೆ.

ಆರ್ಕಿಟೆಕ್ಟ್, ಸ್ಯಾನ್ ಹೋಸೆ

ಇದನ್ನು ಒಪ್ಪುತ್ತೇನೆ. ನಮ್ಮ ಕಡೆಯ ತಪ್ಪೂ ಇದೆ. ನಾವು ಉದ್ದದ ಸೆಕ್ಷನ್ ಒಂದು, ಅಡ್ಡದ್ದು ಒಂದು ಹಾಕುತ್ತೇವೆ. ಎರಡೂ ಗ್ಯಾರೇಜ್ ಮೂಲಕ ಹೋಗದೇ ಇರಬಹುದು. ಆಗ ಸ್ಪ್ರಿಂಕ್ಲರ್ ಡಿಸೈನರ್‌ಗೆ ಆ ಅಟ್ಟದ ಮಟ್ಟ ಗೊತ್ತಾಗುವುದೇ ಇಲ್ಲ. ಟ್ರೇಸಿ ಮೇಡಂ, ಮತ್ತೆ ಸಲ್ಲಿಸುವಾಗ ಗ್ಯಾರೇಜನ್ನೂ ಮಗನ ರೂಮನ್ನೂ ಒಟ್ಟಿಗೆ ಕತ್ತರಿಸುವ ಒಂದು ಸೆಕ್ಷನ್ ಹಾಕಿಸಿ.

ಒಂದು ಪ್ರಶ್ನೆ ಡಿಸೈನರ್ ಅವರಿಗೆ. 13ಡಿ ಇಡೀ ಅಟ್ಟವನ್ನೇ ಯಾಕೆ ಬಿಟ್ಟುಬಿಟ್ಟಿದೆ? ಮರದ ಟ್ರಸ್, ಒಣಗಿದ ಗಾಳಿ, ವೈರಿಂಗ್, ಸಾಮಾನು. ಉರಿಯುವುದಕ್ಕೆ ಎಲ್ಲಾ ಅಲ್ಲೇ ಇದೆಯಲ್ಲ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಒಳ್ಳೆಯ ಪ್ರಶ್ನೆ. ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

13ಡಿ ಮೊದಲು ಬಂದದ್ದು 1975ರಲ್ಲಿ. ಅದರ ಗುರಿ ಮನೆ ಉಳಿಸುವುದಲ್ಲ, ಮನೆಯೊಳಗಿನ ಜನರನ್ನು ಉಳಿಸುವುದು. ಬೆಂಕಿ ಹತ್ತಿದ ಕೋಣೆಯಲ್ಲಿ ಎಲ್ಲವೂ ಒಮ್ಮೆಲೇ ಹೊತ್ತಿಕೊಳ್ಳುವ ಹಂತಕ್ಕೆ ಹೋಗದಂತೆ ತಡೆಯಬೇಕು, ಒಳಗಿದ್ದವರು ಎದ್ದು ಹೊರಗೆ ಓಡಲು ಸಮಯ ಸಿಗಬೇಕು. ಅದಕ್ಕೇ ನೀರು ಕೂಡ ಹತ್ತು ನಿಮಿಷಕ್ಕೆ ಸಾಕು ಅನ್ನುತ್ತದೆ. ಒಂದೇ ಅಂತಸ್ತಿನ, 2000 ಚದರಡಿಗಿಂತ ಚಿಕ್ಕ ಮನೆಯಾದರೆ ಏಳು ನಿಮಿಷ. ಜನ ಮಲಗುವ, ಕೂರುವ, ಅಡುಗೆ ಮಾಡುವ ಜಾಗಕ್ಕೆ ಹೆಡ್ ಹಾಕುತ್ತದೆ. 55 ಚದರಡಿವರೆಗಿನ ಬಾತ್‌ರೂಮ್, ಚಿಕ್ಕ ಬೀರು ಕೋಣೆ, ಅಟ್ಟ, ಇವನ್ನು ಬಿಡುತ್ತದೆ. ಹೀಗೆ ಖರ್ಚು ಕಡಿಮೆ ಇಟ್ಟರೆ ಜಾಸ್ತಿ ಮನೆಗಳಿಗೆ ಸ್ಪ್ರಿಂಕ್ಲರ್ ಬರುತ್ತದೆ ಅನ್ನುವುದು ಅದರ ಲೆಕ್ಕ.

ಈ ಕಣ್ಣಿನಿಂದ ಫರ್ನೇಸ್ ನೋಡಿ. ಎಲ್ಲರ ತಲೆಯ ಮೇಲಿನ ಅಟ್ಟದಲ್ಲಿ ಬೆಂಕಿ ಹತ್ತಿದರೆ ಬಿಸಿ ಮತ್ತು ಹೊಗೆ ಮೇಲಕ್ಕೆ, ಚಾವಣಿ ಕಡೆಗೆ ಹೋಗುತ್ತದೆ. ಕೆಳಗಿನವರಿಗೂ ಬೆಂಕಿಗೂ ನಡುವೆ ಸೀಲಿಂಗ್ ಇದೆ. ಮನೆ ಹಾಳಾಗಬಹುದು, ಆದರೆ ಜನಕ್ಕೆ ಓಡಲು ಸಮಯ ಸಿಗುತ್ತದೆ. ಅದೇ ಫರ್ನೇಸ್ ಮಗು ಮಲಗಿರುವ ಕೋಣೆಯ ಗೋಡೆಯಾಚೆ ಇದ್ದರೆ? ಬೆಂಕಿ ಪಕ್ಕಕ್ಕೂ ಮೇಲಕ್ಕೂ ಹರಡುವ ದಾರಿಯಲ್ಲೇ ಆ ಕೋಣೆ ಇದೆ. ಅದಕ್ಕೇ ಅಲ್ಲಿ ಒಂದು ಹೆಡ್.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ನಿಯಮ ವಿನಾಯಿತಿ ಕೊಟ್ಟ ಕಡೆಯೂ ಪೈಪನ್ನು ಚಳಿ ಮತ್ತು ಸೆಕೆಯಿಂದ ಕಾಪಾಡಲು ಆಗುತ್ತದೆ ಅಂದರೆ ಗ್ಯಾಸ್ ಉಪಕರಣದ ಮೇಲೆ ಒಂದು ಹೆಡ್ ಹಾಕುತ್ತೇನೆ. ಕಾಪಾಡಲು ಆಗದಿದ್ದರೆ ಹಾಕುವುದಿಲ್ಲ. ಡಾಲಸ್ ಸರ್ ಮನೆಯಲ್ಲಿ ಆದದ್ದನ್ನು ನಾನೂ ನೋಡಿದ್ದೇನೆ.

ಫರ್ನೇಸ್ ಕೆಲಸದವನು

ಅಕ್ಕ, ನಾನು ಮಂಡ್ಯದವನು. ಇಲ್ಲಿ ಸ್ಟಾಕ್ಟನ್ ಕಡೆ ಹನ್ನೆರಡು ವರ್ಷದಿಂದ ಫರ್ನೇಸ್, ಎಸಿ ಹಾಕುತ್ತೇನೆ. ಹೆಡ್ ಹಾಕುವ ಮೊದಲು ನಮ್ಮವರನ್ನೂ ಒಂದು ಮಾತು ಕೇಳಿ ಅಂತ ಹೇಳಲು ಬಂದೆ.

ಸ್ಪ್ರಿಂಕ್ಲರ್‌ನವರು ಪೈಪ್ ಎಳೆದು ಹೋಗುತ್ತಾರೆ. ಆಮೇಲೆ ನಾವು ಬಂದು ನೋಡಿದರೆ ಬರ್ನರ್ ಬಾಗಿಲ ಎದುರಿಗೇ ಪೈಪ್. ಮುಂದೆ ಬ್ಲೋವರ್ ಬದಲಿಸಬೇಕಾದಾಗ ಹೊರಗೆ ತೆಗೆಯಲು ಜಾಗ ಇಲ್ಲ. ಸರ್ವಿಸ್ ಮಾಡುವ ಕಡೆ 30 ಇಂಚು ಉದ್ದ, 30 ಇಂಚು ಅಗಲದ ಸಮತಟ್ಟು ಜಾಗ ಖಾಲಿ ಇರಬೇಕು. ಅಲ್ಲಿಗೆ ಹೋಗುವ ದಾರಿಯಲ್ಲಿ 24 ಇಂಚು ಅಗಲದ ಗಟ್ಟಿ ಹಲಗೆ, ಒಂದು ಲೈಟ್, ಹತ್ತಿರ ಒಂದು ಪ್ಲಗ್ ಪಾಯಿಂಟ್. ಇದು ನಮ್ಮ ಕಡೆಯ ಕೋಡ್. ಈ ಜಾಗಕ್ಕೆ ಪೈಪ್ ಅಡ್ಡ ಬರಬಾರದು.

ಇನ್ನೊಂದು: ಫರ್ನೇಸ್‌ನಿಂದ ಮೇಲೆ ಹೋಗುವ ಹೊಗೆ ಕೊಳವೆ ಬಿಸಿಯಾಗಿರುತ್ತದೆ. ಹೆಡ್ ಅದರ ಪಕ್ಕಕ್ಕೆ ಅಂಟಿಕೊಂಡಿರಬಾರದು.

ಇನ್ನೂ ಫರ್ನೇಸ್ ತಂದಿಲ್ಲ ಅಂದರೆ ಹೀಟ್ ಪಂಪ್ ಯೋಚನೆ ಮಾಡಿ ಅಕ್ಕ. ಅದು ಗ್ಯಾಸ್ ಉರಿಸುವುದಿಲ್ಲ, ಬೇಸಿಗೆಯಲ್ಲಿ ಎಸಿಯೂ ಅದೇ.

ಟ್ರೇಸಿ ಮನೆ

ತಮ್ಮ, ಫರ್ನೇಸ್ ಬಂದು ಕೂತಾಗಿದೆ, ಡಕ್ಟ್ (ಬಿಸಿ ಗಾಳಿಯ ಕೊಳವೆ) ಕೂಡ ಹಾಕಿಯಾಗಿದೆ. ಮೊದಲೇ ಗೊತ್ತಿದ್ದರೆ ಖಂಡಿತ ಯೋಚಿಸುತ್ತಿದ್ದೆವು. ಆದರೆ ಕೇಳಬೇಕು, ಹೀಟ್ ಪಂಪ್ ಆಗಿದ್ದರೆ ಈ ಹೆಡ್ ಬೇಕಾಗುತ್ತಲೇ ಇರಲಿಲ್ಲವಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಬೇಕಾಗುತ್ತಿರಲಿಲ್ಲ. ಎರಡೂ ಪುಸ್ತಕ ಹೇಳುವುದು ಇಂಧನ ಉರಿಸುವ ಉಪಕರಣದ ಬಗ್ಗೆ. ಗ್ಯಾಸ್, ಪ್ರೊಪೇನ್, ಎಣ್ಣೆ ಅದರಲ್ಲಿ ಬರುತ್ತವೆ. ಹೀಟ್ ಪಂಪ್, ಕರೆಂಟ್ ಫರ್ನೇಸ್, ಹೀಟ್ ಪಂಪ್ ವಾಟರ್ ಹೀಟರ್ ಬರುವುದಿಲ್ಲ. ಈಗ ಮನೆ ಪ್ಲ್ಯಾನ್ ಮಾಡುತ್ತಿರುವವರು ಇದನ್ನು ಗಮನಿಸಿ. ಉಪಕರಣದ ಆಯ್ಕೆ ಮೊದಲೇ ಆದರೆ ಸ್ಪ್ರಿಂಕ್ಲರ್ ಡ್ರಾಯಿಂಗ್ ಕೂಡ ಸುಲಭ.

ಈಗ ನಿಮ್ಮ ಹೆಡ್‌ಗೆ ಬರೋಣ. 13ಡಿ ಒಂದು ಅನುಕೂಲ ಕೊಡುತ್ತದೆ. ಹೆಡ್ ಉಪಕರಣದ ಮೇಲೆ ಇರಬಹುದು, ಅಥವಾ ಆ ಜಾಗವನ್ನೂ ವಾಸದ ಜಾಗವನ್ನೂ ಬೇರ್ಪಡಿಸುವ ಗೋಡೆಯ ಹತ್ತಿರ ಇರಬಹುದು. ಆರ್313.3ರಲ್ಲಿ ಈ ಎರಡನೇ ಆಯ್ಕೆ ಇಲ್ಲ. ನಿಮ್ಮ ಡ್ರಾಯಿಂಗ್ 13ಡಿ ಆದ್ದರಿಂದ ಎರಡೂ ಸಾಧ್ಯ.

ನಿಮ್ಮ ಮನೆಗೆ ನಾನು ಗೋಡೆಯನ್ನೇ ಆರಿಸುತ್ತೇನೆ. ಕಾರಣ ಪೈಪ್. ಪೈಪ್ ಮಗನ ರೂಮಿನ ಕಡೆ, ಬೆಚ್ಚಗಿನ ಭಾಗದಲ್ಲಿ ಬರುತ್ತದೆ. ಗೋಡೆ ದಾಟಿ ಅಟ್ಟದೊಳಗೆ ಹೆಡ್ ಮಾತ್ರ ಚಾಚುತ್ತದೆ. ಟ್ರೇಸಿಯಲ್ಲಿ ಚಳಿ ತೀರಾ ಜಾಸ್ತಿ ಅಲ್ಲ, ಆದರೂ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಇಂಥ ಜಾಗಕ್ಕೆ ಡ್ರೈ ಸೈಡ್‌ವಾಲ್ ಅನ್ನುವ ಹೆಡ್ ಸಿಗುತ್ತದೆ. ಅದರ ಉದ್ದನೆಯ ಕೊಳವೆಯಲ್ಲಿ ನೀರಿರುವುದಿಲ್ಲ. ನೀರು ಬೆಚ್ಚಗಿನ ತುದಿಯಲ್ಲೇ ನಿಂತಿರುತ್ತದೆ. ಹೆಡ್ ತೆರೆದಾಗ ಮಾತ್ರ ಮುಂದೆ ನುಗ್ಗುತ್ತದೆ. ಉದ್ದ ಸರಿಯಾಗಿ ಅಳೆದು ತರಿಸಬೇಕು, ಸೈಟಿನಲ್ಲಿ ಕತ್ತರಿಸಲು ಬರುವುದಿಲ್ಲ.

ಆರ್ಕಿಟೆಕ್ಟ್, ಸ್ಯಾನ್ ಹೋಸೆ

ಹಿಂದೆ ಚಳಿ ಜಾಗಕ್ಕೆ ಪೈಪಿನಲ್ಲಿ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ತುಂಬುತ್ತಿದ್ದರಲ್ಲ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ತುಂಬುತ್ತಿದ್ದರು. 2009ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಟ್ರಕಿಯಲ್ಲಿ ಒಂದು ಮನೆಯ ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿಕೊಂಡಿತು. ಸ್ಪ್ರಿಂಕ್ಲರ್ ತೆರೆಯಿತು. ಪೈಪಿನಲ್ಲಿದ್ದ ದ್ರಾವಣದಲ್ಲಿ ಗ್ಲಿಸರಿನ್ ತುಂಬಾ ಹೆಚ್ಚಿತ್ತು. ಅದೇ ಹೊತ್ತಿಕೊಂಡು ಒಬ್ಬರ ಜೀವ ಹೋಯಿತು. ಆಮೇಲೆ 2010ರಲ್ಲಿ ಎನ್‌ಎಫ್‌ಪಿಎ ಎಚ್ಚರಿಕೆ ಹೊರಡಿಸಿ ನಿಯಮಗಳನ್ನು ಬಿಗಿ ಮಾಡಿತು. ಈಗ ಹೊಸ ಕೆಲಸಕ್ಕೆ ಪರೀಕ್ಷೆಯಾಗಿ ಲಿಸ್ಟ್ ಆದ ದ್ರಾವಣ ಮಾತ್ರ. ಯಾರಾದರೂ "ಸ್ವಲ್ಪ ಆಂಟಿಫ್ರೀಜ್ ಬೆರೆಸಿದರೆ ಆಯಿತು" ಅಂದರೆ ದಯವಿಟ್ಟು ಒಪ್ಪಬೇಡಿ. ಒಂದೇ ಹೆಡ್‌ಗೆ ಡ್ರೈ ಹೆಡ್ಡೇ ಒಳ್ಳೆಯದು.

ಟ್ರೇಸಿ ಮನೆ

ಇವತ್ತು ಕಂಟ್ರಾಕ್ಟರ್ ಜೊತೆ ಮಾತಾಡಿದೆ. ಸೆಕ್ಷನ್ ತೋರಿಸಿದ ಕೂಡಲೇ "ಹೌದು ಮೇಡಂ, ನಾನು ಇದನ್ನು ಮೇಲಿನ ಅಟ್ಟ ಅಂದುಕೊಂಡೆ" ಅಂತ ಒಪ್ಪಿಕೊಂಡರು. ಜಗಳ ಆಗಲಿಲ್ಲ. ಆದರೆ ಅವರು ಮನೆಯೊಳಗೆ ಹಾಕುತ್ತಿರುವ ಅದೇ ಹೆಡ್ ಇಲ್ಲೂ ಹಾಕುತ್ತೇನೆ ಅಂದರು. ಒಂದು ಪೆಟ್ಟಿಗೆ ಉಳಿದಿದೆಯಂತೆ. ಕೆಂಪು ಬಣ್ಣದ ಗಾಜಿನ ಬಲ್ಬ್ ಇರುವುದು. ಅದು ನಡೆಯುತ್ತದಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಬೇಡ ಮೇಡಂ. ದಯವಿಟ್ಟು ಬೇಡ.

ಹೆಡ್ ಮುಚ್ಚಿಡುವ ಆ ಕೆಂಪು ಬಲ್ಬ್ ಬಿಸಿಗೆ ಒಡೆಯುವುದು 155 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 68 ಸೆಲ್ಸಿಯಸ್. ಅದು ಆರ್ಡಿನರಿ ವರ್ಗ. ಸುತ್ತಲಿನ ಗಾಳಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟದ ಜಾಗಕ್ಕೆ ಮಾಡಿದ್ದು. ನಿಮ್ಮ ಕಡೆ ಜುಲೈನಲ್ಲಿ ಹೊರಗೇ 100 ದಾಟುತ್ತದೆ. ಚಾವಣಿಯಡಿ 130, 140 ಕೂಡ ಆಗಬಹುದು. ಬೆಂಕಿ ಇಲ್ಲದೆಯೇ ಹೆಡ್ ತೆರೆದು ನೀರು ಸುರಿಯುವ ಅಪಾಯ ಇದೆ.

ಇಲ್ಲಿ ಬೇಕಾದದ್ದು ಇಂಟರ್‌ಮೀಡಿಯೆಟ್ ವರ್ಗ: 175ರಿಂದ 225 ಡಿಗ್ರಿ ಫ್ಯಾರನ್‌ಹೀಟ್. ಸುತ್ತಲಿನ ಗಾಳಿ 150 ಡಿಗ್ರಿವರೆಗೆ ಹೋದರೂ ತಡೆಯುತ್ತದೆ. ಗುರುತಿಸುವುದು ಸುಲಭ. 175ರದ್ದು ಹಳದಿ ಬಲ್ಬ್, 200ರದ್ದು ಹಸಿರು ಬಲ್ಬ್. ಜೊತೆಗೆ ಕ್ವಿಕ್ ರೆಸ್ಪಾನ್ಸ್ ಆಗಿರಬೇಕು, ಅಂದರೆ ಬಿಸಿ ತಟ್ಟಿದ ಕೂಡಲೇ ಬೇಗ ಒಡೆಯುವ ತೆಳು ಬಲ್ಬ್. ತಡವಾಗಿ ಕೆಲಸ ಮಾಡುವ ದಪ್ಪ ಬಲ್ಬ್ ಬೇಡ.

ಇನ್ನು ದೂರ. ಇಂಟರ್‌ಮೀಡಿಯೆಟ್ ಹೆಡ್ ಕೂಡ ಫರ್ನೇಸ್‌ಗೆ 3 ಇಂಚಿಗಿಂತ ಹತ್ತಿರ ಬರಬಾರದು. ಹೊಗೆ ಕೊಳವೆಗೆ 9 ಇಂಚು. ಇನ್ಸುಲೇಶನ್ ಇಲ್ಲದ ಬಿಸಿ ಡಕ್ಟ್‌ಗೂ 9 ಇಂಚು. ಇವು ಪಿ2904 ಪಟ್ಟಿಯ ಅಳತೆಗಳು. ಮಂಡ್ಯದ ತಮ್ಮ ಹೇಳಿದ್ದು ಇದನ್ನೇ. ನಾನಾದರೆ ಇನ್ನೂ ಜಾಸ್ತಿ ಬಿಡುತ್ತೇನೆ.

ಸ್ಯಾನ್ ರಮೋನ್ ನಿವಾಸಿ

ನನ್ನ ಮೊದಲ ಸಲಹೆ ವಾಪಸ್ ತಗೋತೀನಿ. ಇದೆಲ್ಲ ಗೊತ್ತಿರಲಿಲ್ಲ. ಒಂದು ಸಂದೇಹ: ಈ ಒಂದು ಹೆಡ್‌ನಿಂದ ನೀರಿನ ಮೀಟರ್ ದೊಡ್ಡದು ಮಾಡಬೇಕಾಗುತ್ತದಾ? ನಮ್ಮ ಊರಲ್ಲಿ ಮೀಟರ್ ಸೈಜ್ ಒಂದು ಹೆಜ್ಜೆ ಏರಿದರೆ ಫೀಸ್ ಸಾವಿರಾರು ಡಾಲರ್ ಏರುತ್ತದೆ.

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಸಾಮಾನ್ಯವಾಗಿ ಇಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ.

13ಡಿಯಲ್ಲಿ ಒಂದು ಕೋಣೆಯ ಹೆಚ್ಚೆಂದರೆ ಎರಡು ಹೆಡ್ ಒಟ್ಟಿಗೆ ತೆರೆದವು ಅಂತ ಲೆಕ್ಕ. ಚದರಡಿಗೆ ನಿಮಿಷಕ್ಕೆ ಕನಿಷ್ಠ 0.05 ಗ್ಯಾಲನ್. 16 ಅಡಿಗೆ 16 ಅಡಿ ಜಾಗ ನೋಡುವ ಹೆಡ್ ಅಂದರೆ 256 ಚದರಡಿ, ಸುಮಾರು 13 ಗ್ಯಾಲನ್. ಎರಡಕ್ಕೆ 26. ಹತ್ತು ನಿಮಿಷಕ್ಕೆ 260 ಗ್ಯಾಲನ್.

ಅಟ್ಟದಲ್ಲಿ ಇರುವುದು ಒಂದೇ ಹೆಡ್. ಕೆ-ಫ್ಯಾಕ್ಟರ್ (ಎಷ್ಟು ಒತ್ತಡಕ್ಕೆ ಎಷ್ಟು ನೀರು ಅನ್ನುವ ಅಳತೆ) 5.6 ಇರುವ ಹೆಡ್‌ಗೆ 7 ಪಿಎಸ್‌ಐ ಒತ್ತಡ ಕೊಟ್ಟರೆ ನಿಮಿಷಕ್ಕೆ 14.8 ಗ್ಯಾಲನ್ ಬರುತ್ತದೆ. 26ಕ್ಕಿಂತ ಎಷ್ಟೋ ಕಡಿಮೆ. ಎತ್ತರಕ್ಕೆ ಒಂದು ಅಡಿಗೆ 0.433 ಪಿಎಸ್‌ಐ ಕಳೆಯಬೇಕು. ಆದರೆ ಇವರ ಹೆಡ್ ಮಹಡಿಯ ಹೆಡ್‌ಗಳ ಮಟ್ಟದಲ್ಲೇ ಇದೆ. ಹಾಗಾಗಿ ಲಿವಿಂಗ್ ರೂಮ್ ಅಥವಾ ದೊಡ್ಡ ಬೆಡ್‌ರೂಮಿನ ಎರಡು ಹೆಡ್‌ಗೆ ಸಾಕಾಗುವ ಮೀಟರ್ ಇದಕ್ಕೂ ಸಾಕು. ಆದರೂ ಲೆಕ್ಕದ ಹಾಳೆಯಲ್ಲಿ ಅಟ್ಟದ ಹೆಡ್‌ಗೆ ಪ್ರತ್ಯೇಕ ಸಾಲು ಹಾಕಿ. ಡ್ರೈ ಹೆಡ್‌ನ ಕೆ-ಫ್ಯಾಕ್ಟರ್ ತಯಾರಕರ ಹಾಳೆ ನೋಡಿ ಬರೆಯಿರಿ. ಪ್ಲ್ಯಾನ್ ಚೆಕ್‌ನವರು ಅದನ್ನು ಹುಡುಕುತ್ತಾರೆ.

ಓಕ್‌ಲ್ಯಾಂಡ್ ಅಪಾರ್ಟ್‌ಮೆಂಟ್

ನಮ್ಮದು ನಾಲ್ಕು ಅಂತಸ್ತಿನ ಕಾಂಡೊ. ಇದೇ ನಿಯಮ ನಮಗೂ ಇದೆಯಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ನಿಮ್ಮದು ಬಹುಶಃ ಎನ್‌ಎಫ್‌ಪಿಎ 13ಆರ್ (ನಾಲ್ಕು ಅಂತಸ್ತಿನವರೆಗಿನ ವಸತಿ ಕಟ್ಟಡದ್ದು) ಅಥವಾ ಪೂರ್ಣ 13 (ದೊಡ್ಡ ಕಟ್ಟಡಗಳದ್ದು). 13ಆರ್ ಕಟ್ಟಡಕ್ಕೆ ಬಿಲ್ಡಿಂಗ್ ಕೋಡ್ 2018ರಿಂದ ಸ್ಪಷ್ಟವಾಗಿದೆ. ಸ್ಪ್ರಿಂಕ್ಲರ್ ಇಲ್ಲದ ಅಟ್ಟದಲ್ಲಿ ಇಂಧನ ಉರಿಸುವ ಉಪಕರಣ ಇದ್ದರೆ ಅದರ ಮೇಲೆ ಕನಿಷ್ಠ ಒಂದು ಕ್ವಿಕ್ ರೆಸ್ಪಾನ್ಸ್, ಇಂಟರ್‌ಮೀಡಿಯೆಟ್ ಹೆಡ್ ಬೇಕು. ಮೇಲೆ, ಪಕ್ಕದಲ್ಲಿ ಅನ್ನುವ ಭೇದ ಅಲ್ಲಿಲ್ಲ. ಸಾಮಾನು ಇಡಲು ಬಳಸುವ ಅಟ್ಟ ಆದರೆ ಇಡೀ ಅಟ್ಟಕ್ಕೇ ಬೇಕು.

ಟ್ರೇಸಿ ಮನೆ

ಕಂಟ್ರಾಕ್ಟರ್ ಇನ್ನೊಂದು ವಿಷಯ ಕೇಳಿದರು. ಮಗನ ರೂಮಿನ ಗೋಡೆಯವರೆಗೆ ಕಿತ್ತಳೆ ಬಣ್ಣದ ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಪೈಪ್ ತರುತ್ತಾರಂತೆ. ಆ ಗೋಡೆಗೆ ಸ್ಪ್ರೇ ಫೋಮ್ ಹೊಡೆಸುವ ಯೋಚನೆ ನಮಗಿದೆ. ತೊಂದರೆ ಇದೆಯಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಪೈಪ್ ಬೆಚ್ಚಗಿನ ಕಡೆ ಇರುವುದರಿಂದ ಬಿಸಿಯ ತೊಂದರೆ ಇಲ್ಲ. ಸಿಪಿವಿಸಿ 150 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ 175 ಪಿಎಸ್‌ಐ ತಡೆಯುತ್ತದೆ. ಆದರೆ ಬಿಸಿ ಅಟ್ಟದಲ್ಲಿ ಇನ್ಸುಲೇಶನ್ ಮೇಲೆ ಬಿಸಿಲಿಗೆ ಬೇಯುತ್ತ ಮಲಗಿರಬಾರದು.

ಫೋಮ್ ವಿಷಯದಲ್ಲಿ ಎಚ್ಚರ. ಸಿಪಿವಿಸಿಗೆ ಕೆಲವು ರಾಸಾಯನಿಕ ಆಗಿಬರುವುದಿಲ್ಲ. ಕೆಲವು ಫೋಮ್, ಕಾಲ್ಕ್ (ಸಂದು ಮುಚ್ಚುವ ಅಂಟು), ಗೆದ್ದಲಿನ ಔಷಧಿ, ಲೋಹದ ಪೈಪಿಗೆ ಹಚ್ಚುವ ಎಣ್ಣೆ, ಇವು ತಾಗಿದರೆ ತಕ್ಷಣ ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಸಣ್ಣ ಬಿರುಕು ಬಿಟ್ಟು ಒಂದು ದಿನ ಒಡೆಯುತ್ತದೆ. ಗೋಡೆ ತುಂಬಾ ನೀರು ಇಳಿದ ಮೇಲೆ ಕಾರಣ ಹುಡುಕುವುದು ಬಹಳ ಕಷ್ಟ. ಪೈಪ್ ತಯಾರಕರು ಯಾವ ವಸ್ತು ಸೇರುತ್ತದೆ ಅಂತ ಪಟ್ಟಿ ಕೊಡುತ್ತಾರೆ. ಫೋಮ್ ಡಬ್ಬದ ಹೆಸರು ಆ ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ. ಇಲ್ಲದಿದ್ದರೆ ಆ ಒಂದು ಭಾಗಕ್ಕೆ ಫೈಬರ್‌ಗ್ಲಾಸ್ ಹಾಸು ಹಾಕಿಸಿ.

ಡಾಲಸ್ ಟೌನ್‌ಹೌಸ್

ವೀಣೆ ಕೇಳಿದಿರಲ್ಲ ತಂಗಿ. ಇಲ್ಲ, ಸರಿಯಾಗಲಿಲ್ಲ. ಬುರುಡೆ ಬಿರಿದಿತ್ತು. ಎರಡು ವರ್ಷದ ಹಿಂದೆ ಮೈಸೂರಿನಿಂದ ಹೊಸದು ತಂದೆವು.

ನಮ್ಮ ಮನೆ ರಿಪೇರಿ ಆದಾಗ ಹೊಸ ಪೈಪನ್ನು ಸೀಲಿಂಗ್‌ಗೆ ಅಂಟಿಸಿ, ಅದರ ಮೇಲೆ ಇನ್ಸುಲೇಶನ್ ಹಾಸನ್ನು ಡೇರೆಯ ಥರ ಹೊದಿಸಿದರು. ಪೈಪ್ ಮತ್ತು ಕೋಣೆಯ ನಡುವೆ ಏನೂ ಇಡಲಿಲ್ಲ, ಕೋಣೆಯ ಬೆಚ್ಚಗೆ ಪೈಪಿಗೆ ತಾಗಲಿ ಅಂತ. ಆಮೇಲೆ ಚಳಿಗಾಲ ಬಂದಿದೆ, ಹೋಗಿದೆ, ಏನೂ ಆಗಿಲ್ಲ.

ಫರ್ನೇಸ್ ಕೆಲಸದವನು

ಕೊನೆಗೆ ಒಂದು ಮಾತು ಅಕ್ಕ. ಇನ್ಸುಲೇಶನ್ ಊದುವವರು ಬರುವ ದಿನ ನೀವು ಮನೆ ಹತ್ತಿರ ಇರಿ. ಪೈಪಿನಿಂದ ಹತ್ತಿಯ ಥರ ಊದುತ್ತಾ ಬರುತ್ತಾರೆ. ಕತ್ತಲಲ್ಲಿ ಹೆಡ್ ಕಾಣುವುದಿಲ್ಲ. ಎರಡು ಮನೆಯಲ್ಲಿ ಹೆಡ್ ಪೂರ್ತಿ ಹೂತುಹೋಗಿದ್ದನ್ನು ನಾನೇ ಅಗೆದು ತೆಗೆದಿದ್ದೇನೆ. ಹಾಗೆ ಮುಚ್ಚಿದ ಹೆಡ್‌ಗೆ ಬಿಸಿ ತಟ್ಟುವುದು ತಡ. ಪೇಂಟ್ ಬಿದ್ದರೂ ಅಷ್ಟೇ, ಒರೆಸಿದರೆ ಸಾಲದು, ಹೆಡ್ ಬದಲಿಸಬೇಕು.

ಟ್ರೇಸಿ ಮನೆ

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಹೊಸ ಸೆಕ್ಷನ್ ಹಾಕಿ, ಗೋಡೆಯಲ್ಲಿ ಡ್ರೈ ಸೈಡ್‌ವಾಲ್ ತೋರಿಸಿ ಡ್ರಾಯಿಂಗ್ ಕೊಟ್ಟೆವು. ಎರಡನೇ ಸಲ ಯಾವ ಟಿಪ್ಪಣಿಯೂ ಇಲ್ಲದೆ ಒಪ್ಪಿಗೆ ಬಂತು. ಮೀಟರ್ ಬದಲಾಗಲಿಲ್ಲ. ಡ್ರೈ ಹೆಡ್ ತರಿಸಲು ವಾರ ಹಿಡಿಯಿತು, ಡ್ರೈವಾಲ್ ಆ ಒಂದು ಗೋಡೆ ಬಿಟ್ಟು ಉಳಿದ ಕಡೆ ಶುರುಮಾಡಿದರು.

ನಿನ್ನೆ ಇನ್‌ಸ್ಪೆಕ್ಟರ್ ಬಂದಿದ್ದರು. ಚಿಕ್ಕ ಬಾಗಿಲಿನಿಂದ ಬಗ್ಗಿ ಒಳಗೆ ಹೋದರು. ಟಾರ್ಚ್ ಹಾಕಿ ಬಲ್ಬ್ ಬಣ್ಣ ನೋಡಿದರು. ಹಸಿರು. ಹೊಗೆ ಕೊಳವೆಯಿಂದ ಅಳೆದರು, 22 ಇಂಚು. ಸಹಿ ಹಾಕಿದರು. ನನ್ನ ಮಗ ಹಿಂದೆಯೇ ನುಗ್ಗಿ "ಅಮ್ಮ, ಇದು ನನ್ನ ರೂಮಿಗಾ?" ಅಂತ ಕೇಳಿದ. ಹೌದು ಅಂದೆ.

ಗುರುವಾರ ಇನ್ಸುಲೇಶನ್‌ನವರು ಬರುತ್ತಿದ್ದಾರೆ. ಬಾಗಿಲ ಒಳಬದಿಗೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ, ಹೆಡ್‌ಗೆ ಕೆಂಪು ರಿಬ್ಬನ್ ಕಟ್ಟಬಹುದಾ?

ಸ್ಪ್ರಿಂಕ್ಲರ್ ಡಿಸೈನರ್, ಸ್ಯಾಕ್ರಮೆಂಟೊ

ಹೆಡ್‌ಗೆ ಏನೂ ಕಟ್ಟಬೇಡಿ ಮೇಡಂ. ಪಕ್ಕದ ಮರದ ಕಂಬಕ್ಕೆ ಕಟ್ಟಿ.